ಗುರಪ್ಪನ ಪುಸ್ತಕದಲ್ಲಿ ಇಲ್ಲದ ಮಾತು

ಭಾಲ್ಕಿಯ ಸುಮಿತ್ರಾಬಾಯಿ ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಬೆಳೆಸಿದವರು. ಔರಾದ ರಸ್ತೆಯಲ್ಲಿ ಅವರ ಗಂಡನನ್ನು ಕೊಂದ ಗುರಪ್ಪನಿಗೆ ಮೊದಲು ಗಲ್ಲು ಶಿಕ್ಷೆಯಾಗಿತ್ತು. ಆಮೇಲೆ ಅದು ಜೀವಾವಧಿಗೆ ಇಳಿಯಿತು. ಜೈಲಿನಲ್ಲಿ ಅವನು ಲಿಂಗದೀಕ್ಷೆ ಪಡೆದು, ತನ್ನ ಪಾಪದ ಕಥೆಯನ್ನು ಪುಸ್ತಕ ಮಾಡಿದ.

ಓಣಿಯ ಓದುಗರ ಕೂಟದಲ್ಲಿ ಆ ಪುಸ್ತಕದ ಮಾತು ನಡೆದ ದಿನ ಸುಮಿತ್ರಾಬಾಯಿಯೂ ಬಂದು ಕೂತರು.

"ಓದಿ ಕಣ್ಣಾಗ ನೀರು ಬಂತ್ರಿ. ಪೂರಾ ಬದಲಾಗಿ ಈಗ ಶರಣನೇ ಆಗ್ಯಾನ," ಎಂದರು ನಿವೃತ್ತ ಮಾಸ್ತರ ನಂದಕುಮಾರ.

"ಗಲ್ಲಿನ ಹಗ್ಗ ಕಂಡ್ರ ಯಾರಿಗೆ ಭಕ್ತಿ ಬರಂಗಿಲ್ರಿ ಮಾಸ್ತರ? ಹಾಕಿಬಿಡಬೇಕಿತ್ತು," ಎಂದ ಕಿರಾಣಿ ಅಂಗಡಿಯ ಬಸವಣ್ಣೆಪ್ಪ.

ಎಲ್ಲರೂ ಸುಮಿತ್ರಾಬಾಯಿಯ ಕಡೆ ನೋಡಿದರು. ಸತ್ತವರ ಅಂಗೈಯಲ್ಲಿ ಅವರದೇ ಲಿಂಗ ಇಟ್ಟು ಮಣ್ಣು ಮಾಡುವುದು ಲಿಂಗಾಯತರಾದ ಅವರ ಮಂದಿಯ ಪದ್ಧತಿ.

"ನಮ್ಮವರ ಕೊರಳಾಗಿನ ಬೆಳ್ಳಿ ಕರಡಿಗಿ ಇವನೇ ಬೀದರದಾಗ ಮಾರಿದ್ದ. ಅದರಾಗಿನ ಲಿಂಗ ಸಿಗಲೇ ಇಲ್ಲ. ಬರಿಗೈಲೇ ಮಣ್ಣು ಮಾಡಿದೇವ್ರಿ. ಪುಸ್ತಕದಾಗ ಅದರ ಮಾತೇ ಇಲ್ಲ," ಎಂದರು ಅವರು.

ಮಾಸ್ತರು ಜೈಲಿಗೇ ಹೋಗಿ ಗುರಪ್ಪನನ್ನು ಕೇಳಿಕೊಂಡು ಸುಮಿತ್ರಾಬಾಯಿಯ ಮನೆಗೆ ಬಂದರು. "ಲಿಂಗ ಏನಾಯ್ತೋ ನೆನಪಿಲ್ಲ ಅಂದಾನ್ರಿ ಅಕ್ಕಾರ. ಭಾಳ ಅತ್ತ."

"ಸಾಯೋ ಮುಂದ ಅವರು ಏನಂದ್ರು ಅಂತ ಪುಟಗಟ್ಟಲೆ ಬರದಾನ. ಇದೊಂದೇ ಮರತಾನೇನ್ರಿ?" ಸುಮಿತ್ರಾಬಾಯಿ ಹಂಚಿನ ಮೇಲಿನ ರೊಟ್ಟಿ ತಿರುವಿದರು. "ಗಲ್ಲು ಬ್ಯಾಡ್ರಿ. ಎಲ್ಲಿ ಒಗದಾನ ಅಂತ ಹೇಳೋತನ ಬದುಕಲಿ. ಅಲ್ಲೀತನ ನಾ ಅವಗ ಶರಣ ಅನ್ನಂಗಿಲ್ಲ."