ಕ್ರೋಯ್ಡನ್ನಿನಲ್ಲಿ ಉಡಿ ತುಂಬಿದ್ದು

…ಲೇಖಕಿಯ ಕೋಟು ಹಸಿರಾಗಿತ್ತು ಎಂದು ನೆನಪು, ನೀಲಿಯೂ ಇದ್ದೀತು. ಲಂಡನ್ನಿನ ಕ್ರೋಯ್ಡನ್ ಲೈಬ್ರರಿಯಲ್ಲಿ ಆಸ್ಟ್ರೇಲಿಯದ ಮೂಲನಿವಾಸಿ ಲೇಖಕಿಯೊಬ್ಬರು ತಮ್ಮ ಪುಸ್ತಕ ಓದಿದರು. ಎಳೆಯ ಮಗುವಾಗಿದ್ದಾಗ ಸರ್ಕಾರದವರು ತಾಯಿಯಿಂದ ಅವರನ್ನು ಕಿತ್ತುಕೊಂಡು ಹೋದ ಭಾಗ ಅದು.

ನಾನು ಇಳಿದುಕೊಂಡಿದ್ದ ಮನೆಯ ಶಾಂತಕ್ಕ ಧಾರವಾಡದವರು; ನನ್ನ ಪಕ್ಕದಲ್ಲೇ ಕೂತಿದ್ದರು. ಓದು ಮುಗಿದದ್ದೇ, ಆ ಸಂಜೆಯ ಕುಬಸಕ್ಕೆ, ಅಂದರೆ ಬಸುರಿಯೊಬ್ಬಳ ಸೀಮಂತಕ್ಕೆಂದು ತಂದಿದ್ದ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣಗಳನ್ನು ಚೀಲದಿಂದ ತೆಗೆದು ಎದ್ದೇಬಿಟ್ಟರು.

“ಅಕ್ಕಾ, ಅದು ಕುಬಸದ್ದಲ್ವಾ?” ಎಂದೆ.

“ಸುಮ್ನಿರ್ರಿ. ಅಕೀಗೆ ಬ್ಯಾರೆ ತಂದರಾತು. ಈಕೀಗೆ ತವರಿಂದ ಯಾರ್ ಉಡಿ ತುಂಬ್ಯಾರ?”

ಲೇಖಕಿಯ ಮುಂದೆ ನಿಂತು, “ಉಡಿ ಒಡ್ಡವಾ” ಎಂದರು, ಕನ್ನಡದಲ್ಲೇ. ಸೀರೆಯಿಲ್ಲ, ಸೆರಗಿಲ್ಲ. ನನ್ನ ಕೈಸನ್ನೆ ನೋಡಿ ಆಕೆ ಕೋಟಿನ ಅಂಚನ್ನೇ ಹಿಡಿದು ಒಡ್ಡಿದರು; ಶಾಂತಕ್ಕ ಎಲ್ಲವನ್ನೂ ಅದಕ್ಕೆ ತುಂಬಿದರು. ಆಮೇಲೆ ಲೇಖಕಿ, ಇದನ್ನು ಯಾರಿಗೆ ಕೊಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ತಾಯಿಮನೆಯಿಂದ ಹೊರಡೋ ಮಗಳಿಗೆ” ಎಂದು ಶಾಂತಕ್ಕನ ಉತ್ತರವನ್ನು ನಾನು ಅನುವಾದಿಸಿದೆ.

“ಭಾರ ಇದೆ” ಎಂದು ಆಕೆ ನಕ್ಕರು; ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆಮೇಲೆ ಉಡಿ ಬಿಡದೆಯೇ ಪುಸ್ತಕಗಳಿಗೆ ಒಂದೇ ಕೈಯಲ್ಲಿ ಸಹಿ ಹಾಕಿದರು. ನನ್ನ ಪ್ರತಿಯೊಳಗೆ ಒಂದೆರಡು ಅಕ್ಕಿಕಾಳು ಬಿದ್ದವು; ಅದಕ್ಕೂ ನಾನು ಋಣಿ.

ಅವರ ದೇಶದ ವಿಮಾನ ನಿಲ್ದಾಣದಲ್ಲಿ ಅಕ್ಕಿ, ತೆಂಗಿನಕಾಯಿ ಒಳಗೆ ಬಿಡುವುದಿಲ್ಲವಂತೆ. ಅವನ್ನು ಏನು ಮಾಡಿದರೋ, ನನಗೆ ಗೊತ್ತಿಲ್ಲ.