ಜಾಗ ಬಿಡದ ಗ್ರಹ

ಸಾರ್ವಜನಿಕ ಗ್ರಂಥಾಲಯದ ನೆಲಮಹಡಿಯಲ್ಲಿ ಅವನು ಬೈಂಡರ್ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಗಿತ್ತು. ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಕಟ್ಟುವ ಮೊದಲು ಓದುಗರು ಪುಟಗಳ ನಡುವೆ ಬಿಟ್ಟುಹೋದದ್ದನ್ನೆಲ್ಲ ಚಿಮಟದಲ್ಲಿ ಹಿಡಿದು ತೆಗೆಯುತ್ತಿದ್ದ. ಕತ್ತರಿಸಿದ ಉಗುರು, ಜಜ್ಜಿದ ಸೊಳ್ಳೆ, ಒಣಗಿದ ಸಿಂಬಳ. ಒಮ್ಮೆ ಕಾದಂಬರಿಯೊಂದರಲ್ಲಿ ಗುರುತಿಗೆಂದು ಇಟ್ಟ ಮೀನಿನ ಮುಳ್ಳು ಸಿಕ್ಕಿತ್ತು. "ಓದೋದು ಕಲ್ತಿದಾರೆ, ಮೂಗು ಒರೆಸ್ಕೊಳ್ಳೋದು ಕಲ್ತಿಲ್ಲ," ಎನ್ನುತ್ತಿದ್ದ.

ಇಂಥವನಿಗೆ ಮೇಲ್ಛಾವಣಿಯ ದೂರದರ್ಶಕದ ಹೊಣೆಯೂ ಬಿದ್ದಿತ್ತು. ಅದು ಖಗೋಳ ಸಂಘದ್ದು. ಒಂದು ಬೀಗದ ಕೈ ಇವನ ಬಳಿ, ಇನ್ನೊಂದು ಸಂಘದ ಕಾರ್ಯದರ್ಶಿಯ ಬಳಿ. ಸಂಜೆ ಆರಕ್ಕೆ ಹೋಗಿ ಪಾರಿವಾಳದ ಹಿಕ್ಕೆ ಕೆರೆಯುವನು. ಬಂದವರಿಗೆ ಅರ್ಧಚಂದ್ರನನ್ನು ತೋರಿಸುವನು, ಏಕೆಂದರೆ ನೆರಳು ಉದ್ದವಿದ್ದರೇ ಕುಳಿಗಳು ಎದ್ದು ಕಾಣುವುದು. ಗುರುವಿನ ನಾಲ್ಕು ಉಪಗ್ರಹಗಳನ್ನು, ಕುಡುಗೋಲಿನಂತೆ ಕಾಣುವ ಶುಕ್ರನನ್ನು ತೋರಿಸುವನು. ಒಬ್ಬೊಬ್ಬರು ನೋಡಿ ಸರಿದ ಮೇಲೂ ಕಣ್ಣಿಡುವ ಮಸೂರದ ಅಂಚನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವನು. ಕಾಡಿಗೆ, ಬೆವರು, ಕಣ್ಣಿನ ಗೀಜು. ಮುಖ ಹಿಂಡಿಕೊಂಡೇ ಒರೆಸುವನು.

ದೂರದರ್ಶಕಕ್ಕೆ ಮೋಟಾರು ಇರಲಿಲ್ಲ. ಭೂಮಿ ತಿರುಗುತ್ತಿರುವುದರಿಂದ ಯಾವ ಗ್ರಹವಾದರೂ ಒಂದೂವರೆ ನಿಮಿಷದಲ್ಲಿ ನೋಟದಿಂದ ಜಾರಿಹೋಗುತ್ತಿತ್ತು. ಕೊಳವೆಯನ್ನು ಕೈಯಿಂದ ಮೆಲ್ಲಗೆ ನೂಕಿ ಮತ್ತೆ ಹಿಡಿಯಬೇಕಿತ್ತು.

ಅವನ ಅಕ್ಕ ಬಟ್ಟೆ ಹೊಲಿಯುತ್ತಿದ್ದವಳು. ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆಯಿಂದ ಅವಳ ಸುತ್ತಲಿನ ನೋಟವೆಲ್ಲ ಹೋಗಿ, ನಡುವೆ ಅಂಗಿಯ ಗುಂಡಿಯಷ್ಟು ಬೆಳಕು ಉಳಿದಿತ್ತು. ಅದೂ ಈ ವರ್ಷ ದಾಟುವ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ. "ಶನಿ ಅಂದ್ರೆ ಜನ ಓಡ್ತಾರೆ. ಕಣ್ಣು ಮುಚ್ಚೋದ್ರೊಳಗೆ ಅವನ ಮುಖ ಒಂದ್ಸಲ ನೋಡ್ಬಿಡ್ತೀನಿ ಕಣೋ," ಎಂದಿದ್ದಳು. ಶನಿಯೂ ಪಶ್ಚಿಮದಲ್ಲಿ ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಇನ್ನು ಮೂರು ವಾರಕ್ಕೆ ಮುಸ್ಸಂಜೆಯ ಬೆಳಕಿನಲ್ಲಿ ಮುಳುಗಿಹೋಗುವುದಿತ್ತು.

ಗುರುವಾರ ಏಳಕ್ಕೆ ಬರಬೇಕಾದವಳು ಆರೂವರೆಗೇ ಬಂದಳು. ಮಧ್ಯಾಹ್ನದಿಂದ ಮೋಡ. ಹಾಗಾಗಿ ತಮ್ಮ ಮೇಲೆ ಹೋಗದೆ ಕೆಳಗೆ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದ. ಅತಿಥಿಗಳೊಂದಿಗೆ ಬಂದಿದ್ದ ಕಾರ್ಯದರ್ಶಿಯೇ ಬಾಗಿಲಲ್ಲಿ ಅವಳನ್ನು ಕಂಡು ಮೇಲಕ್ಕೆ ಕರೆದೊಯ್ದ. ಅರ್ಧ ಗಂಟೆಯ ಮೇಲೆ ಗೋಡೆ ಹಿಡಿದು ಇಳಿದು ಬಂದ ಅಕ್ಕನ ಮುಖ ಅರಳಿತ್ತು.

"ನೋಡ್ದೆ ಕಣೋ! ಎಷ್ಟು ದೊಡ್ಡ ಬಳೆ ತೊಟ್ಕೊಂಡಿದೆ!"

"ಮೋಡ ಇತ್ತಲ್ಲ ಅಕ್ಕ?"

"ಸಂದೀಲಿ ಸಿಕ್ತು ಅಂದ್ರು. ಒಂದೂವರೆ ನಿಮಿಷಕ್ಕೆ ಓಡಿಹೋಗತ್ತೆ ಅಂತ ಹೆದರಿಸ್ತಿದ್ದೆ ನೀನು. ಹತ್ತು ನಿಮಿಷ ನೋಡ್ದೆ, ಜಾಗಾನೇ ಬಿಡ್ಲಿಲ್ಲ. ಪಾಪ, ಮುದುಕಿ ಬಂದಿದಾಳೆ ಅಂತ ನಿಂತ್ಕೊಂಡಿತ್ತು."

ಅವನು ಕೈಯ ಅಂಟನ್ನೂ ತೊಳೆಯದೆ ಮೆಟ್ಟಿಲು ಹತ್ತಿದ. ಕೊಳವೆಯ ಬಾಯಿ ಎದುರು ಕಟ್ಟಡದ ಟ್ಯೂಬ್‌ಲೈಟಿನ ಕಡೆಗಿತ್ತು. ಮಸೂರವನ್ನು ತಿರುಗಿಸಿ ಬಿಚ್ಚಿದ. ಒಳಗೆ, ಆ ಬೆಳಕಿಗೆ ಅಡ್ಡವಾಗಿ, ಶನಿಯ ಚಿತ್ರವಿದ್ದ ಉಗುರಗಲದ ಫಿಲ್ಮಿನ ಚೂರು, ಟೇಪು, ಟೇಪಿನ ಮೇಲೆ ಯಾರದೋ ಹೆಬ್ಬೆರಳಿನ ಜಿಡ್ಡು. ಚಿತ್ರದ ಶನಿಗೆ ಅಗಲವಾಗಿ ತೆರೆದ ಬಳೆ. ಈ ವರ್ಷ ಬಳೆಯ ಅಂಚು ಮಾತ್ರ ನಮ್ಮ ಕಡೆಗಿದೆ, ಒಂದು ಗೆರೆಯಷ್ಟೇ ಕಾಣಬೇಕು. ಅವನು ಚೂರನ್ನು ಉಗುರಿನಿಂದ ಕಿತ್ತು ಜೇಬಿಗಿಟ್ಟ.

"ಬಂದವರು ಸಪ್ಪೆ ಮುಖ ಹಾಕ್ಕೊಂಡು ಹೋಗ್ಬಾರ್ದಲ್ಲ ಬೈಂಡರೇ," ಎಂದ, ಅತಿಥಿಗಳನ್ನು ಬೀಳ್ಕೊಟ್ಟು ಹಿಂದಿನಿಂದ ಬಂದ ಕಾರ್ಯದರ್ಶಿ. "ಶನಿ ಫೋಟೋನೂ ಶನೀನೇ. ನಿಮ್ಮಕ್ಕ ಖುಷಿಪಟ್ರಲ್ಲ, ಆ ಖುಷಿ ಸುಳ್ಳಾ?"

"ಎಷ್ಟು ದಿನದಿಂದ ನಡೀತಿದೆ ಇದು?"

"ಮೋಡ ಇದ್ದಾಗ, ನೀವಿಲ್ಲದಾಗ. ಎರಡು ವರ್ಷ. ಒಬ್ರಾದ್ರೂ ದೂರಿದ್ರಾ?"

"ಪುಸ್ತಕದಲ್ಲಿ ಸಿಂಬಳ ಒರೆಸೋರೇ ವಾಸಿ ಸ್ವಾಮಿ. ಅದನ್ನ ಯಾರೂ ಗ್ರಹ ಅಂತ ತೋರಿಸಿಲ್ಲ."

ಮನೆಯವರೆಗೂ ಅಕ್ಕ ಬಳೆಯ ಮಾತನ್ನೇ ಆಡಿದಳು. ಪಕ್ಕದ ಮನೆಯವಳನ್ನು ಕರೆದು ಹೇಳಲು ಹೊರಟಾಗ ಅವನು ಕೈ ಹಿಡಿದು ಕೂರಿಸಿ, ಕಂಡದ್ದನ್ನು ಕಂಡಂತೆ ಹೇಳಿದ. ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಹಾಗಾದ್ರೆ ನನಗೋಸ್ಕರ ನಿಂತಿರ್ಲಿಲ್ಲ ಅದು."

"ಇಲ್ಲ ಅಕ್ಕ."

"ಥೂ! ಕಣ್ಣು ಹೋಗ್ತಿದೆ, ಬುದ್ಧಿ ಹೋಗಿಲ್ಲ ನಂಗೆ. ಹತ್ತು ನಿಮಿಷ ಉಸಿರು ಬಿಗಿಹಿಡಿದು ಟ್ಯೂಬ್‌ಲೈಟ್ ನೋಡಿದೀನಲ್ಲೋ! ಪಕ್ಕದಲ್ಲಿ ನಿಂತು ನಗ್ತಿದ್ನೇನೋ ಅವನು." ಕನ್ನಡಕವನ್ನು ಮತ್ತೆ ಏರಿಸಿಕೊಂಡು ಅವನತ್ತ ತಿರುಗಿದಳು: "ನೀನೇನು ಕಮ್ಮಿ? ದಾರಿಯುದ್ದಕ್ಕೂ ಹೂಂ ಹೂಂ ಅಂತ ಬಂದೆ."

ಮರುದಿನವೇ ಅವನು ಮೇಲ್ಛಾವಣಿಯ ಬಾಗಿಲಿಗೆ ಹೊಸ ಬೀಗ ಹಾಕಿದ. ಕಾರ್ಯದರ್ಶಿ ಫೋನಿನಲ್ಲಿ ಕೂಗಾಡಿದ. ಫಿಲ್ಮಿನ ಚೂರನ್ನು ಸಂಘದವರೆಲ್ಲರ ಮುಂದಿಡುತ್ತೇನೆ ಎಂದು ಇವನು ಹೇಳಿದ ಮೇಲೆ ಸುಮ್ಮನಾದ.

ಹದಿಮೂರು ಸಂಜೆ ಮೋಡ. ಹದಿನಾಲ್ಕನೆಯದು ತಿಳಿಯಾಗಿತ್ತು. ಶನಿ ಆಗಲೇ ಎದುರಿನ ಛಾವಣಿಗಳ ಮೇಲೆ ಗೇಣು ಎತ್ತರದಲ್ಲಷ್ಟೇ ಉಳಿದಿತ್ತು. ಅವನು ಅಕ್ಕನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮಸೂರಕ್ಕೆ ಸರಿಯಾಗಿ ತಂದ.

"ಏನೂ ಇಲ್ಲ. ಕಪ್ಪು... ಇರು, ಇರು. ಇದಾ? ಬಳೆ ಎಲ್ಲಿ?"

"ಅಡ್ಡಗೆರೆ ಇದೆಯಾ ನೋಡು."

"ಇದೆ. ಕೂದಲೆಳೆ ಥರ. ಛೀ, ಎಷ್ಟು ಕೊಳಕಾಗಿದೆಯೋ! ಹಳಸಿದ ಬಣ್ಣ. ಜ್ವರ ಬಂದ ಹಾಗೆ ನಡುಗ್ತಿದೆ."

"ಕೆಳಗಿಳಿದಿದೆ ಅಕ್ಕ. ಊರಿನ ಹೊಗೆ, ಬಿಸಿಗಾಳಿ ಎಲ್ಲ ದಾಟಿ ಬರಬೇಕು."

"ಆ ಕಳ್ಳಂದೇ ಚೆನ್ನಾಗಿತ್ತು."

"ಹೌದು."

ಅವಳು ಕಣ್ಣು ತೆಗೆಯಲಿಲ್ಲ. ಒಮ್ಮೆಲೇ ಅವನ ತೋಳನ್ನು ಬಿಗಿಯಾಗಿ ಹಿಡಿದಳು. "ಲೋ, ಹೋಗ್ತಿದೆ, ಅಂಚಿಗೆ ಬಂತು, ಹಿಡಿಯೋ!"

ಅವನು ಕೊಳವೆಯನ್ನು ಕೂದಲೆಳೆಯಷ್ಟು ನೂಕಿದ. ಏಳು ಸಲ ಅದು ಜಾರಿತು, ಏಳು ಸಲವೂ ಹಿಡಿದುಕೊಟ್ಟ. ಎಂಟನೆಯ ಸಲ ಎದುರು ಕಟ್ಟಡದ ನೀರಿನ ಟ್ಯಾಂಕು ಅಡ್ಡ ಬಂತು. ಅಕ್ಕ ಅದನ್ನು ಕಟ್ಟಿದವನಿಗೂ ಸರಿಯಾಗಿ ಬೈದಳು.