ಒಂದೂ ಬೋಲ್ಟು ಮುರಿಯದ ಕೈ

ಬಸಲಿಂಗಪ್ಪ ನನ್ನ ಕಾಕಾ, ಅಪ್ಪನ ತಮ್ಮ. ವಡಗಾವಿಯ ಒಂದು ಗ್ಯಾರೇಜಿನಲ್ಲಿ ಮೂವತ್ತನಾಲ್ಕು ವರ್ಷ ಮಿಸ್ತ್ರಿಯಾಗಿದ್ದ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಅಷ್ಟು ವರ್ಷದಲ್ಲಿ ತನ್ನ ಕೈಯಿಂದ ಚಕ್ರದ ಒಂದು ಬೋಲ್ಟೂ ಮುರಿದಿಲ್ಲ ಎಂಬ ಹೆಸರೊಂದೇ ಅವನ ಗಳಿಕೆ. ಊಟಕ್ಕೆ ಕೂತರೂ ಅದೇ ಮಾತು, ಬೀಗರು ಬಂದರೂ ಅದೇ ಮಾತು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ನಾನು ಸಿಡುಕ, ಮೊದಲೇ ಹೇಳಿಬಿಡುತ್ತೇನೆ.

ಗ್ಯಾರೇಜು ಬಿಟ್ಟು ಅವನು ಮಹಾಂತೇಶ ನಗರದ ನಮ್ಮ ಮನೆಗೆ ಬಂದ ಮೇಲೆ ನನ್ನ ಹಳೆಯ ಕಾರಿನ ಕೆಲಸವೆಲ್ಲ ಅವನದೇ. ಹೋದ ವರ್ಷ ಅವನ ಬಲಗೈ ನಡುಗತೊಡಗಿತು. ಬಿಗಿದ ನಟ್ಟು ಬಿಚ್ಚಲು ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್ ಒಂದಿದ್ದರೆ ಇನ್ನೂ ನಾಲ್ಕು ವರ್ಷ ದುಡಿಯುತ್ತೇನೆ ಎಂದ. ಮೂರು ವಾರ ಅಂಗಡಿ ಅಂಗಡಿ ಅಲೆದ. ಪೆಟ್ಟಿಗೆಯ ಮೇಲಿನ ಅಂಕಿಗೆ ಮರುಳಾಗುವವನಲ್ಲ. ಕೈಯಲ್ಲಿ ಎತ್ತಿ ತೂಕ ನೋಡಿದ, ಗುಂಡಿ ಮೆಲ್ಲಗೆ ಒತ್ತಿದರೆ ಮೆಲ್ಲಗೇ ತಿರುಗುತ್ತದೋ ನೋಡಿದ, ಎರಡು ಬ್ಯಾಟರಿ ಕೊಡುತ್ತೀರೋ ಎಂದು ಅಂಗಡಿಯವರ ಜೀವ ತಿಂದ. ಕೊನೆಗೆ ಹಗುರಾದ, ನಡುತರದ ಒಂದನ್ನು ಆರಿಸಿ ಬಂದು, ಅದನ್ನೇ ಕೊಡಿಸು ಎಂದು ನನಗೆ ಹೇಳಿದ. ಮನೆಯ ಕಾರಿಗೆ ಇಷ್ಟು ಬಲ ಸಾಕು, ಅದೂ ಬಿಚ್ಚಲಿಕ್ಕೆ, ಕೊನೆಯ ಬಿಗಿ ಮಾತ್ರ ಕೈಪಾನಾದಿಂದಲೇ, ತನ್ನ ಹಳೆಯ ಸ್ಪ್ಯಾನರಿನಿಂದಲೇ ಎಂದ.

ನಾನು ಫೋನಿನಲ್ಲಿ ಅದರ ಮೂರು ಪಟ್ಟು ಬಲದ್ದನ್ನು ತರಿಸಿದೆ. ಮೂರೂವರೆ ಕಿಲೋ. ಅವನ ಕೈಗೆ ಆಗುವುದಿಲ್ಲವೆಂದು ಗೊತ್ತಿದ್ದೇ ತರಿಸಿದೆ.

ಅದು ಬಂದದ್ದು ದಸರೆಯ ಖಂಡೆ ಪೂಜೆಯ, ಆಯುಧ ಪೂಜೆಯ ಮಧ್ಯಾಹ್ನ. ಬೆಳಿಗ್ಗೆಯೇ ಕಾಕಾ ತನ್ನ ಪಾನಾ ತೊಳೆದು, ವಿಭೂತಿ ಹಚ್ಚಿ, ದೇವರ ಮುಂದೆ ಮಣೆಯ ಮೇಲಿಟ್ಟಿದ್ದ. ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಹೊಸ ಯಂತ್ರಕ್ಕೆ ಪೂಜೆಯಾಗಿರಲಿಲ್ಲ, ಹಾಗಾಗಿ ಅಡ್ಡಿಯಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ತೊಳೆಯುವ ನೆವದಲ್ಲಿ ನಾಲ್ಕೂ ಚಕ್ರ ಬಿಚ್ಚಿ, ಅದರಿಂದಲೇ ಗಡಗಡ ಬಿಗಿದೆ. ಕಾಕಾನ ಕೈಗೂ ಕೊಟ್ಟು ನೋಡಿದೆ. ಯಂತ್ರ ಅವನ ಮಣಿಕಟ್ಟು ತಿರುಚಿ ನೆಲಕ್ಕೆ ಬಿತ್ತು. ನನ್ನ ಹೆಂಡತಿ ಪೂರ್ಣಿಮಾ ನಕ್ಕಳು, ನಾನೂ ನಕ್ಕೆ.

ಅವನು ಮಣಿಕಟ್ಟು ಹಿಡಿದುಕೊಂಡೇ, ಬಿಗಿ ಅತಿಯಾಗಿದೆ, ಬೋಲ್ಟು ತಡೆಯುವುದಿಲ್ಲ, ಸಡಿಲಿಸಿ ಪಾನಾದಿಂದ ಬಿಗಿ ಎಂದ.

"ಪಾನಾ ಪೂಜಿಗೆ ಕುಂತೈತಲ್ಲ ಕಾಕಾ. ಎತ್ತಬ್ಯಾಡ ಅಂದಾಂವ ನೀನ."

ಅವನು ಮಣೆಯವರೆಗೆ ಹೋದ. ಎತ್ತಲಿಲ್ಲ. ನಾಳೆ ಸಂಜೆಯವರೆಗೆ ಕಾರು ಹೊರಗೆ ಒಯ್ಯಬೇಡ ಎಂದಷ್ಟೇ ಬೇಡಿಕೊಂಡ. ಸುಮ್ಮನೆ ಕೂಡು ಎಂದು ಗದರಿದೆ.

ಮರುದಿನ ಬನ್ನಿ ಕೊಡಲು ಮೂವರೂ ಪಾರಿಶ್ವಾಡಕ್ಕೆ, ಪೂರ್ಣಿಮಾಳ ತವರಿಗೆ ಹೊರಟೆವು. ಖಾನಾಪುರದ ಹತ್ತಿರ ಚಕ್ರ ಪಂಕ್ಚರ್ ಆಯಿತು. ಪಾನಾ ಮನೆಯ ಮಣೆಯ ಮೇಲಿತ್ತು. ಮಾವನಿಗೆ ತೋರಿಸಿ ಮೆರೆಯಲೆಂದು ತಂದ ಯಂತ್ರ ಡಿಕ್ಕಿಯಲ್ಲಿತ್ತು. ಮೊದಲ ನಟ್ಟು ಚೀರುತ್ತ ಬಂತು. ಎರಡನೆಯದಕ್ಕೆ ಬೋಲ್ಟೇ ಕಟಕ್ಕನೆ ಮುರಿಯಿತು.

ಫೋನ್ ಮಾಡಿದ ಮೇಲೆ ಖಾನಾಪುರದಿಂದ ಬೈಕಿನಲ್ಲಿ ಬಂದ ಮಿಸ್ತ್ರಿ ಕಲ್ಮೇಶ, ನೋಡಿದರೆ ವಡಗಾವಿಯಲ್ಲಿ ಕಾಕಾನ ಕೈಕೆಳಗೆ ಕೆಲಸ ಕಲಿತವನು. ಕಾರು ನೋಡುವ ಮೊದಲೇ ಕಾಕಾನ ಕಾಲಿಗೆ ಬಿದ್ದ. ಆಮೇಲೆ ಮುರಿದ ಬೋಲ್ಟು ಮುಟ್ಟಿ ನೋಡಿದ.

"ಯಾರ್ ಬಿಗದಾರ್ರಿ ಇದನ್ನ? ಬುದ್ಧಿ ಇದ್ದಾವ್ರು ಮಾಡೂ ಕೆಲಸ ಏನ್ರಿ ಇದು?"

ನನ್ನ ಮುಖಕ್ಕೆ ಬೆಂಕಿ ಬಿದ್ದಂತಾಯಿತು.

"ಕಾಕಾನ ಬಿಗದಾನ," ಎಂದೆ.

ಪೂರ್ಣಿಮಾಗೆ ಎಲ್ಲ ಗೊತ್ತಿತ್ತು. ಅವಳು ಕಿಟಕಿಯ ಗಾಜು ಏರಿಸಿಕೊಂಡಳು. ಕಾಕಾ ನನ್ನನ್ನು ಒಮ್ಮೆ ನೋಡಿದ.

"ಹೌದಪಾ ಕಲ್ಮೇಶ. ನಾನ ಬಿಗದೆ."

ಕಲ್ಮೇಶ ತಲೆ ತಗ್ಗಿಸಿ ಉಳಿದ ನಟ್ಟು ಬಿಚ್ಚಿದ. ಸ್ಟೆಪ್ನಿ ಹಾಕಿ ಎದ್ದವನು ಮೆಲ್ಲಗೆ ಹೇಳಿದ: "ಇನ್ನ ಸಾಕ್ ಮಾಡ್ರಿ ಉಸ್ತಾದ. ಕೈ ನಡಗಾಕತ್ತಾವ. ಮಂದಿ ಜೀವದ ಮಾತೈತಿ."

ಆಗಲಿ ಎಂಬಂತೆ ಕಾಕಾ ತಲೆಯಾಡಿಸಿದ.

ಸಂಜೆ ಪಾರಿಶ್ವಾಡದಲ್ಲಿ ಎಲ್ಲರಿಗೂ ಬನ್ನಿ ಕೊಟ್ಟು, ನನಗೂ ಕೊಟ್ಟ. "ಬನ್ನಿ ತೊಗೊಂಡು ಬಂಗಾರದಂಗ ಇರೂಣು, ಶಶಿಧರ," ಎಂದ. ನಾಚಿಕೆಗೆಟ್ಟ ನಾನು ಕಾಲು ಮುಟ್ಟಿ ತೆಗೆದುಕೊಂಡೆ.

ಆಮೇಲೆ ಅವನು ಕಾರಿನ ಹತ್ತಿರ ಬಂದಿಲ್ಲ. ಪಾನಾ ದೇವರ ಮುಂದಿನಿಂದ ಎತ್ತಿಲ್ಲ. ಬೀಗರು ಬಂದರೆ ನಾನೇ ಆ ಹಳೆಯ ಮಾತು ತೆಗೆಯುತ್ತೇನೆ, ಮೂವತ್ತನಾಲ್ಕು ವರ್ಷ ಒಂದೂ ಬೋಲ್ಟು ಮುರಿದಿಲ್ಲ ನಮ್ಮ ಕಾಕಾ ಎಂದು. ಒಂದು ಮುರಿದೀನಿ ಎಂದು ಅವನು ತಿದ್ದುತ್ತಾನೆ.